ಸಾವಿರದ ಇನ್ನೂರು ಸುತ್ತು

ಶಿವಾಜಿನಗರದ ಓಣಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ತಾಮ್ರದ ತಂತಿ ಸುತ್ತುತ್ತಿದ್ದ ಸನಾವುಲ್ಲಾನನ್ನು ಯಾರೂ ಕಳ್ಳ ಅಂದಿರಲಿಲ್ಲ. ೧೯೯೮ರ ಆಷಾಢದಲ್ಲಿ ಅದೂ ಆಯಿತು. ಕೆ.ಆರ್. ಪುರದ ಲಿಫ್ಟ್ ಕಾರ್ಖಾನೆಗೆ ಅವನು ಬ್ರೇಕ್ ಬಿಡಿಸುವ ವಿದ್ಯುತ್ ಅಯಸ್ಕಾಂತ ಮಾಡಿಕೊಟ್ಟಿದ್ದ. ನಲವತ್ತು ಕಿಲೋ ಎಳೆಯಬೇಕಾದದ್ದು ಮೂವತ್ತಮೂರಕ್ಕೇ ಕೈಚೆಲ್ಲಿತು.

"ಸುತ್ತು ಕಡಿಮಿ ಹಾಕೀರಿ ಸಾಹೇಬ್ರ," ಎಂದ ಮ್ಯಾನೇಜರ್ ಭಗವಂತರಾಯ. "ಹತ್ತಕ್ಕ ಒಂದು ನುಂಗಿದ್ರ ಇಷ್ಟೇ ಎಳೀತದ."

"ಸಾವಿರದ ಇನ್ನೂರು ಹಾಕಿದೀನಿ ಸಾರ್. ಬಾಯಲ್ಲಿ ಎಣಿಸ್ಕೊಂಡೇ ಹಾಕಿದೀನಿ."

ಬಿಚ್ಚಿ ಎಣಿಸೋಣವೆಂದರೆ ಸುರುಳಿಗೆ ರಾಳ ಹುಯ್ದು ಕಲ್ಲಿನಂತೆ ಗಟ್ಟಿಯಾಗಿತ್ತು. ಅವನ ಮಾತಿಗೆ ಅವನೇ ಸಾಕ್ಷಿ. ಈ ಸುದ್ದಿ ಶಿವಾಜಿನಗರ ತಲುಪಿದರೆ ಮತ್ತೆ ಯಾವ ಕಾರ್ಖಾನೆಯವರೂ ಅವನ ಅಂಗಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ.

ಆಗ ಬಾಯಿ ಹಾಕಿದವಳು ಹೊಸ ಇಂಜಿನಿಯರ್ ಆಶಾರಾಣಿ, ಹಲಸೂರಿನ ಬಾಡಿಗೆ ಕೋಣೆಯಲ್ಲಿದ್ದ ರಾಯಚೂರಿನ ಹುಡುಗಿ. "ಒಂದು ದಿನ ಕೊಡ್ರಿ ಸರ್. ಕಂಪ್ಯೂಟರ್‌ನಾಗ ನೋಡ್ತೀನಿ."

ಮರುದಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದಾಗ ಸನಾವುಲ್ಲಾನಿಗೆ ಸಿಟ್ಟೂ ಇತ್ತು, ಅಳುಕೂ ಇತ್ತು. ಒಂದು ದಿನವೂ ತಂತಿ ಮುಟ್ಟದ ಪೆಟ್ಟಿಗೆ ತನ್ನ ಕೈಕೆಲಸಕ್ಕೆ ತೀರ್ಪು ಕೊಡುತ್ತದಂತೆ!

ಪರದೆ ನೋಡಿದ ಮೇಲೆ ಸಿಟ್ಟು ಎಲ್ಲಿ ಹೋಯಿತೋ. ಅವಳು ಅವನ ಅಯಸ್ಕಾಂತವನ್ನೇ ಅಲ್ಲಿ ಬರೆದು, ಸಾವಿರಾರು ಸಣ್ಣ ತ್ರಿಕೋನಗಳಾಗಿ ಕತ್ತರಿಸಿದ್ದಳು. ಇದು ಕಬ್ಬಿಣ, ಇದು ತಾಮ್ರ, ಇದು ಬರೀ ಗಾಳಿ ಎಂದು ಒಂದೊಂದಕ್ಕೂ ಹೇಳಿಕೊಟ್ಟಿದ್ದಳು. ಯಂತ್ರ ಅಷ್ಟನ್ನೂ ಲೆಕ್ಕ ಹಾಕಿ ಬಲದ ಗೆರೆಗಳನ್ನು ಎಳೆದಿತ್ತು. ಗೆರೆಗಳು ಕಬ್ಬಿಣದೊಳಗೆ ಒತ್ತಾಗಿ ಹರಿದು, ಮೂಲೆಯಲ್ಲಿ ಬಾಗಿ, ತುದಿಯಲ್ಲಿ ಅಯಸ್ಕಾಂತ ಎಳೆಯುವ ಕಬ್ಬಿಣದ ಪ್ಲೇಟಿಗೆ ಹಾರುತ್ತಿದ್ದವು. ಇಪ್ಪತ್ತೆಂಟು ವರ್ಷ ಕಾಣದೆಯೇ ತನ್ನ ಜೊತೆ ದುಡಿದ ಬಲವನ್ನು ಅವನು ಮೊದಲ ಸಲ ಕಣ್ಣಾರೆ ಕಂಡ. ಇಂಥದ್ದನ್ನು ಮಾಡಬಲ್ಲ ಈ ಹುಡುಗಿ ಸಾಮಾನ್ಯಳಲ್ಲ ಅನಿಸಿತು.

"ಸುತ್ತು ಕದ್ದಿದ್ರ ಪ್ಲೇಟ್ ದೂರ ಇದ್ರೂ ಹತ್ರ ಇದ್ರೂ ಎಳೆತ ಒಂದೇ ಪ್ರಮಾಣದಾಗ ಇಳೀಬೇಕು ಸರ್," ಎಂದಳು ಆಶಾರಾಣಿ. "ನಿನ್ನೆ ನಾ ದೂರ ಇಟ್ಟು ಅಳದಾಗ ಇದು ಹೆಚ್ಚೂಕಡಿಮಿ ಲೆಕ್ಕದಷ್ಟೇ ಎಳದದ. ಹತ್ರ ಬಂದಂಗ ಸೋತದ. ಅಂದ್ರ ಕಬ್ಬಿಣದ ಎರಡು ತುಂಡು ಕೂಡೋ ಕಡೆ ಕೂದಲೆಳಿಯಷ್ಟು ಸಂದು ಅದ. ಆ ಸಂದು ಇಲ್ಲಿ ಸೇರಿಸಿದ್ರ, ನೋಡ್ರಿ, ಸರಿಯಾಗಿ ಮೂವತ್ತಮೂರು."

ಭಗವಂತರಾಯ ಕನ್ನಡಕ ಸರಿಮಾಡಿಕೊಂಡ. "ಹಂಗಾದ್ರ ನಮ್ಮ ಫಿಟ್ಟರ್ ಬೋಲ್ಟ್ ಬಿಗಿದಿಲ್ಲ. ಅವನ್ನ ಕರೀರಿ."

ಸನಾವುಲ್ಲಾ ಅಷ್ಟಕ್ಕೇ ಸುಮ್ಮನಿದ್ದರೆ ಮಾನ ಉಳಿದು ಮನೆಗೆ ಹೋಗಬಹುದಿತ್ತು.

"ಕರೀಬೇಡಿ ಸಾರ್. ಅದು ನಂದೇ ಕೆಲ್ಸ," ಎಂದ. "ಮಳೆಗಾಲ ಅಲ್ವಾ, ಜೋಡಿಸೋ ಮುಖ ತುಕ್ಕು ಹಿಡಿದ್ಬಿಡುತ್ತೆ ಅಂತ ಎರಡು ಕೋಟು ವಾರ್ನಿಷ್ ಹೊಡ್ದೆ. ಹೊಡಿ ಅಂತ ಯಾರೂ ಹೇಳಿರ್ಲಿಲ್ಲ. ಆ ಪದರಾನೇ ಮೇಡಂ ಹೇಳೋ ಸಂದು."

ಬೋಲ್ಟ್ ಬಿಚ್ಚಿಸಿ, ಎಮರಿ ಪೇಪರ್ ಕೇಳಿ ತೆಗೆದುಕೊಂಡು, ಕಬ್ಬಿಣ ಮಿನುಗುವ ತನಕ ತಾನೇ ಕೂತು ಉಜ್ಜಿದ. ಮತ್ತೆ ಬಿಗಿದು ಪರೀಕ್ಷೆಗಿಟ್ಟರು. ಮುಳ್ಳು ಮೂವತ್ತಮೂರನ್ನು ದಾಟಿ ನಲವತ್ತಕ್ಕೆ ಹೋಗಿ ನಿಂತಿತು. ಭಗವಂತರಾಯ ಬಂದು ಸನಾವುಲ್ಲಾನ ಎರಡೂ ಕೈ ಹಿಡಿದುಕೊಂಡ.

ಹೊರಡುವಾಗ ಸನಾವುಲ್ಲಾ ಆಶಾರಾಣಿಯ ಮೇಜಿನ ಬಳಿ ನಿಂತ. "ಮೇಡಂ, ಸುತ್ತು ಎಷ್ಟು ಅಂತ ಆ ಪೆಟ್ಟಿಗೆಗೆ ಹೆಂಗೆ ಗೊತ್ತಾಯ್ತು?"

"ಅದಕ್ಕ ಗೊತ್ತಾಗಲ್ರಿ. ನಾವೇ ಹೇಳಬೇಕು."

"ನೀವೇನು ಹೇಳಿದ್ರಿ?"

"ನೀವು ಹೇಳಿದ್ದೇ ಹೇಳ್ದೆ. ಸಾವಿರದ ಇನ್ನೂರು. ಅದು ಖರೇ ಅಂತ ಇಟ್ಕೊಂಡು ಉಳಿದದ್ದು ಹುಡುಕಿದೆ."

ನಿನ್ನೆಯಿಂದ ತಡೆದಿಟ್ಟುಕೊಂಡಿದ್ದ ಕಣ್ಣೀರು ಆಗ ಬಂತು. ಅವಳು ಕುರ್ಚಿ ಎಳೆದುಕೊಟ್ಟಳು, ಅವನು ಕೂತ.