ಮನೆಗೆ ಬಿದ್ದ ಪೆಟ್ಟು

“ಶೆಲ್ಫಿನ ಮೇಲಿನ ಪಾತ್ರೆ ಬಿದ್ದವಾ?”

“ಇಲ್ಲ.”

“ಒಂದೂ?”

“ಒಂದು ಲೋಟ ಉರುಳ್ತು. ಅದು ದಿನಾ ಉರುಳತ್ತೆ, ಅದಕ್ಕೆ ಭೂಕಂಪವೇ ಆಗಬೇಕಾ?” ಎಂದಳು ಇಸ್ತ್ರಿಯಮ್ಮ.

ಟೀಚರ್ ಫಾರಂನಲ್ಲಿ ಗುರುತು ಹಾಕಿಕೊಂಡಳು. ಹಿಂದಿನ ದಿನ ಬೆಳಗ್ಗೆ ಇಪ್ಪತ್ತು ಸೆಕೆಂಡು ನೆಲ ನಡುಗಿತ್ತು. ಮಾರುಕಟ್ಟೆಯ ಕಡೆ ಹದಿನೇಳು ಜನ ಸತ್ತಿದ್ದರು, ಇನ್ನೂ ಕೆಲವರನ್ನು ಅಗೆದು ತೆಗೆಯುತ್ತಿದ್ದರು. ಉಳಿದ ಬೀದಿಗಳಲ್ಲಿ ಯಾವ ಮನೆಗೆ ಎಷ್ಟು ಪೆಟ್ಟು ಬಿದ್ದಿದೆ ಎಂದು ಕೇಳಿ ಬರೆದುಕೊಳ್ಳುವ ಕೆಲಸ ಶಾಲೆಯ ಮೇಷ್ಟ್ರುಗಳಿಗೆ ಬಂದಿತ್ತು. ಏಳನೇ ತರಗತಿಗೆ ಭೂಕಂಪದ ಪಾಠ ಮಾಡುವವಳೆಂದು ಅವಳಿಗೆ ಎರಡು ಬೀದಿ ಹೆಚ್ಚು. ಫಾರಂನಲ್ಲಿ ಇಪ್ಪತ್ತಮೂರು ಪ್ರಶ್ನೆ. ತೂಗುಹಾಕಿದ ವಸ್ತು ಓಲಾಡಿತೇ, ಮಲಗಿದ್ದವರಿಗೆ ಎಚ್ಚರವಾಯಿತೇ, ಗಾರೆ ಉದುರಿತೇ, ಗೋಡೆ ಬಿರಿಯಿತೇ. ಉತ್ತರಗಳನ್ನೆಲ್ಲ ನೋಡಿ ಒಂದರಿಂದ ಹನ್ನೆರಡರ ತನಕ ಒಂದು ಅಂಕಿ ಬರೆಯಬೇಕು. ಏಳು ದಾಟಿದರೆ ಮನೆ ಖಾಲಿ ಮಾಡಿಸಿ ಶಾಲೆಯ ಮೈದಾನದ ಡೇರೆಗೆ ಕಳಿಸುತ್ತಾರೆ.

ಬಾಗಿಲಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದ ಸೈಕಲ್ ರಿಪೇರಿಯವನು ತಲೆ ಒಳಗೆ ಹಾಕಿದ. “ಅಲ್ಲ ಟೀಚರ್, ರೇಡಿಯೋದಲ್ಲಿ ಆರು ಪಾಯಿಂಟ್ ಒಂದು ಅಂದ್ರು. ನಮ್ಮನೆಗೆ ನೀವು ಎಂಟು ಬರೆದ್ರಿ. ಭೂಮ್ತಾಯಿ ಮನೆಗೊಂದು ರೇಟು ಇಟ್ಟವ್ಳಾ?”

“ರೇಡಿಯೋದವರು ಹೇಳಿದ್ದು ನೆಲದೊಳಗಿನ ಬಲ. ಅದು ಎಲ್ಲರಿಗೂ ಒಂದೇ. ನಾನು ಬರೀತಿರೋದು ಆ ಬಲ ನಿಮ್ಮ ಮನೆಗೆ ಏನು ಮಾಡ್ತು ಅಂತ.”

“ಹೊಡೆಯೋ ಕೈ ಒಂದೇ, ತಿನ್ನೋ ಬೆನ್ನು ಬೇರೆ ಬೇರೆ ಅನ್ನಿ,” ಎಂದಳು ಇಸ್ತ್ರಿಯಮ್ಮ. ಮೂವರೂ ನಕ್ಕರು. ಎರಡು ದಿನದಲ್ಲಿ ಟೀಚರ್ ನಕ್ಕಿದ್ದು ಅದೇ ಮೊದಲು.

ಸೈಕಲಿನವನು ಹೋದ ಮೇಲೆ ಅವಳು ಕೋಣೆಯನ್ನು ಇನ್ನೊಮ್ಮೆ ನೋಡಿದಳು. ಬೀದಿಯ ಬೇರೆ ಮನೆಗಳಲ್ಲೆಲ್ಲ ಕಾಲಿಟ್ಟಲ್ಲಿ ಗಾರೆ, ಗಾಜು. ಇಲ್ಲಿ ನೆಲ ಒರೆಸಿ ಇನ್ನೂ ಆರಿಲ್ಲ. ಇಸ್ತ್ರಿ ಮಾಡಿದ ಬಟ್ಟೆಗಳು ಮೇಜಿನ ಮೇಲೆ ಗಿರಾಕಿವಾರು ಗಂಟು ಕಟ್ಟಿ ಕೂತಿವೆ. ಆದರೆ ಕಿಟಕಿಯ ಪಕ್ಕದ ಗೋಡೆಯ ಬುಡದಲ್ಲಿ ಬೀರುವಿನ ಆಕಾರದ ಒಂದು ಚೌಕ, ವರ್ಷಗಟ್ಟಲೆ ಕಾಲು ತಾಗದೆ ಹೊಳೆಯುತ್ತಿರುವ ಕೆಂಪು ನೆಲ. ಬೀರು ಮಾತ್ರ ಎದುರು ಗೋಡೆಗೆ ಒರಗಿ ನಿಂತಿದೆ. ಎಳೆದ ಗೀರು ಕೋಣೆಯುದ್ದಕ್ಕೂ ಬಿದ್ದಿದೆ.

“ಬೀರು ಯಾವಾಗ ಸರಿಸಿದ್ರಿ?”

ಇಸ್ತ್ರಿಯಮ್ಮ ಟೀಚರಿನ ಮಣಿಕಟ್ಟು ಹಿಡಿದುಕೊಂಡು ಒಳಕೋಣೆಗೆ ಕರೆದೊಯ್ದು ಪರದೆ ಸರಿಸಿದಳು.

ಮಂಚದ ಮೇಲೆ ಅವಳ ಗಂಡ ಮಲಗಿದ್ದ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್. ಅವನ ಸೀಟಿ ಕೇಳಿ ಊರವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರಂತೆ. ಲಕ್ವ ಹೊಡೆದು ನಾಲ್ಕು ವರ್ಷ. ಬಾಯಿ ಒಂದು ಕಡೆಗೆ ಎಳೆದಿತ್ತು, ಸೊಂಟದ ಕೆಳಗೆ ಹೊದಿಕೆಯಡಿ ಏನೂ ಇಲ್ಲವೇನೋ ಎಂಬಷ್ಟು ಸಪಾಟು. ಅಂಗಿ ಮಾತ್ರ ಗರಿಗರಿ, ಕುತ್ತಿಗೆಯ ತನಕ ಗುಂಡಿ ಹಾಕಿತ್ತು. ಅವನ ಕಣ್ಣು ಟೀಚರನ್ನು ನೋಡಿತು, ಹೆಂಡತಿಯ ಕಡೆ ಹೊರಳಿತು.

“ಪರವಾಗಿಲ್ಲ ರೀ, ನಮ್ಮವರೇ,” ಎಂದು ಇಸ್ತ್ರಿಯಮ್ಮ ಪರದೆ ಎಳೆದು, ಹೊರಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. “ನಾಲ್ಕು ವರ್ಷದಿಂದ ಇವರನ್ನ ಹೀಗೆ ಯಾರೂ ನೋಡಿಲ್ಲ ಟೀಚರ್. ನಾನು ಬಿಟ್ಟಿಲ್ಲ. ಆ ಮೈದಾನದಲ್ಲಿ, ನೂರು ಜನರ ಮಧ್ಯೆ, ಇವರ ಬಟ್ಟೆ ಬದಲಾಯಿಸಲಾ? ನೀವೇ ಹೇಳಿ. ಇವರು ಉಳೀತಾರಾ?”

“ಗೋಡೆ ಎಷ್ಟು ಬಿರಿದಿದೆ ಅಮ್ಮ?”

“ಏನಿಲ್ಲ. ಕೂದಲೆಳೆ.”

ಟೀಚರ್ ಬೀರುವಿನ ಹಿಂದೆ ಹೋಗಿ ನೋಡಬಹುದಿತ್ತು. ನೋಡಲಿಲ್ಲ. ತನ್ನ ಗಂಡ ಬೇರೆ ಹೆಣ್ಣಿನ ಜೊತೆ ಹೊರಟುಹೋದ ಮೇಲೆ, ಬೇರೆ ಊರಿಗೆ ವರ್ಗವಾಗಿದೆ ಎಂದು ಎರಡು ವರ್ಷ ಬೀದಿಗೆಲ್ಲ ಹೇಳಿಕೊಂಡು ಬಂದವಳು ಅವಳು. ಅವನು ಬಂದಿದ್ದಾನೆಂದು ತೋರಿಸಲು ಅವನ ಚಪ್ಪಲಿಯನ್ನು ವಾರಕ್ಕೊಮ್ಮೆ ಬಾಗಿಲಿಗೆ ತಂದಿಡುತ್ತಿದ್ದಳು. ಅದು ಸುಳ್ಳೆಂದು ಗೊತ್ತಿದ್ದೂ ಅವಳ ಪಕ್ಕದ ಮನೆಯಾಕೆ ಒಮ್ಮೆಯೂ ಕೆದಕಿರಲಿಲ್ಲ. ಆ ಹೆಂಗಸಿನ ಋಣ ದೊಡ್ಡದು ಎಂದು ಈಗಲೂ ಅವಳಿಗೆ ಅನ್ನಿಸುವುದಿತ್ತು.

ಐದು, ಎಂದು ಬರೆದಳು.

ಶಾಲೆಯ ಆಫೀಸಿನಲ್ಲಿ ಡ್ರಿಲ್ ಮಾಸ್ತರರು ಫಾರಂಗಳನ್ನು ಬೀದಿವಾರು ಜೋಡಿಸುತ್ತಿದ್ದರು. “ಎಂಟು, ಎಂಟು, ಏಳು, ಐದು, ಎಂಟು. ಏನ್ರೀ ಇದು, ಹುಳುಕು ಹಲ್ಲಿನ ಸಾಲಲ್ಲಿ ಒಂದು ಮುತ್ತು? ಅಕ್ಕಪಕ್ಕದ ಗೋಡೆ ಒಂದೇ ಅಲ್ವಾ?”

“ಒಂದೇ,” ಎಂದಳು ಅವಳು.

“ಹಾಗಾದ್ರೆ ಇನ್ನೊಂದ್ಸಲ ನೋಡಿ. ಇಂಜಿನಿಯರ್ ಹೇಳ್ತಿದ್ರು, ಇನ್ನು ಬರೋದು ಸಣ್ಣ ನಡುಕವಂತೆ. ಆದ್ರೆ ಬಿರಿದ ಗೋಡೆಗೆ ಅದೇ ಸಾಕಂತೆ.”

ಅವರು ಫಾರಂ ಅವಳ ಮುಂದೆ ಹಿಡಿದರು. ರಿಕ್ಟರ್ ಅಳತೆಯಲ್ಲಿ ಆರರಿಂದ ಏಳಕ್ಕೆ ಹೋದರೆ ಶಕ್ತಿ ಸುಮಾರು ಮೂವತ್ತು ಪಟ್ಟು ಎಂದು ಬೋರ್ಡಿನ ಮೇಲೆ ಎಷ್ಟು ವರ್ಷ ಬರೆಸಿದ್ದಳು. ತನ್ನ ಕೈಯ ಐದಕ್ಕೂ ಎಂಟಕ್ಕೂ ನಡುವೆ ಎಷ್ಟು ಪಟ್ಟು? ಅವಳು ಪೆನ್ನು ತೆಗೆದು ಐದನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ಎಂಟು ಬರೆದು ಸಹಿ ಮಾಡಿದಳು.

ಸ್ವಯಂಸೇವಕರು ನಾಲ್ವರು ಕೂಡಲೇ ಹೊರಟರು. ತಾನು ಮೊದಲು ಒಬ್ಬಳೇ ಹೋಗಿ ಹೇಳಿಬರಬೇಕಿತ್ತು ಎಂದು ಹೊಳೆದದ್ದು ಅವರ ಹಿಂದೆ ಅರ್ಧ ದಾರಿ ನಡೆದ ಮೇಲೆ.

ಬೀರು ಸರಿಸಿದಾಗ ಗೋಡೆಯ ಸೀಳಿನಿಂದ ಸೈಕಲ್ ಅಂಗಡಿಯ ಟ್ಯೂಬುಗಳು ಕಾಣಿಸಿದವು. ಅಂಗೈ ಹೋಗುವಷ್ಟು ಅಗಲ. ಇಸ್ತ್ರಿಯಮ್ಮ ಅದನ್ನು ನೋಡಲಿಲ್ಲ, ಟೀಚರನ್ನು ನೋಡಿದಳು.

“ಐದು ನಿಮಿಷ ಕೊಡಿ,” ಎಂದಳು ಸ್ವಯಂಸೇವಕರಿಗೆ. ಒಳಗೆ ಹೋಗಿ ಗಂಡನ ತಲೆ ಬಾಚಿದಳು. ಬೇರೆ ಅಂಗಿ ಹಾಕಿದಳು.

ಮಂಚ ಬೀದಿಗೆ ಬಂದಾಗ ಎಲ್ಲರೂ ತಮ್ಮ ತಮ್ಮ ಮುರಿದ ಬಾಗಿಲಲ್ಲಿ ನಿಂತಿದ್ದರು. ಯಾರೂ ಕೆಟ್ಟವರಲ್ಲ. ಸೈಕಲಿನವನು ಓಡಿ ಬಂದು ಮಂಚದ ಒಂದು ಕಾಲಿಗೆ ಹೆಗಲು ಕೊಟ್ಟ. ಆದರೂ ಯಾರೋ ಮುದುಕಿ, “ಅಯ್ಯೋ, ಕಂಡಕ್ಟರ್ರಾ ಇದು? ಏನಾಗ್ಹೋದ್ರಪ್ಪಾ!” ಎಂದು ಬಾಯಿಗೆ ಕೈ ಹಿಡಿದಳು. ಅವನು ಕಣ್ಣು ಮುಚ್ಚಿದ. ಇಸ್ತ್ರಿಯಮ್ಮ ಮಂಚದ ಪಕ್ಕ ನೆಟ್ಟಗೆ ನಡೆದಳು, ಅವನ ಮುಖದ ಮೇಲೆ ಬಿಸಿಲು ಬೀಳದ ಹಾಗೆ ಒಂದು ಕೈ ಅಡ್ಡ ಹಿಡಿದು.

ಡೇರೆಯಲ್ಲಿ ಅವನು ಕಣ್ಣು ತೆರೆಯಲಿಲ್ಲ. ಗಂಜಿಯ ಚಮಚ ತುಟಿಗೆ ತಾಗಿಸಿದರೆ ಸರಿ ಇದ್ದ ಅರ್ಧ ಬಾಯಿಯನ್ನೂ ಬಿಗಿದುಕೊಳ್ಳುತ್ತಿದ್ದ. ಟೀಚರ್ ಮೂರು ಸಲ ಹೋಗಿದ್ದಳು. ಬಟ್ಟೆ ಬದಲಾಯಿಸುವಾಗ ಮರೆಗೆ ಸೀರೆ ಹಿಡಿಯುತ್ತೇನೆ ಎಂದಳು. “ಬೇಡ, ಅಭ್ಯಾಸ ಇದೆ,” ಎಂದಳು ಇಸ್ತ್ರಿಯಮ್ಮ, ಬೆನ್ನು ತಿರುಗಿಸಿ.

ಮರುದಿನ ಮಧ್ಯಾಹ್ನ ನೆಲ ಮತ್ತೆ ನಡುಗಿತು. ಬೀದಿಯಲ್ಲಿ ಎರಡು ಮನೆ ಕುಸಿದವು, ಖಾಲಿ ಮನೆಗಳು. ಇಸ್ತ್ರಿಯಮ್ಮನ ಮನೆ ನಿಂತೇ ಇತ್ತು. ಮೂರನೆಯ ದಿನ ಬೆಳಗ್ಗೆ ಕಂಡಕ್ಟರ್ ತೀರಿಕೊಂಡ. ಭೂಕಂಪದಲ್ಲಿ ಸತ್ತವರ ಪಟ್ಟಿಗೆ ಅವನನ್ನು ಸೇರಿಸಬೇಕೋ ಬೇಡವೋ ಎಂದು ಆಫೀಸಿನಲ್ಲಿ ಚರ್ಚೆಯಾಯಿತು. ಡ್ರಿಲ್ ಮಾಸ್ತರರು ಟೀಚರನ್ನೇ ಕೇಳಿದರು. ಅವಳು ಎದ್ದು ಹೊರಗೆ ಬಂದಳು.

ಶಾಲೆಯ ಹಿಂದಿನ ನಲ್ಲಿಯ ಹತ್ತಿರ, ಕಲ್ಲಿನ ಮೇಲೆ, ಇಸ್ತ್ರಿಯಮ್ಮ ಹೊದಿಕೆ ಒಗೆಯುತ್ತಿದ್ದಳು. ಮಣ್ಣು ಮಾಡಿ ಬಂದು ಒಂದು ದಿನವೂ ಆಗಿರಲಿಲ್ಲ. ಟೀಚರ್ ಸ್ವಲ್ಪ ದೂರದಲ್ಲಿ ನಿಂತಳು.

“ಮನೆ ನಿಂತಿದೆಯಂತೆ,” ಎಂದಳು ಇಸ್ತ್ರಿಯಮ್ಮ, ತಲೆಯೆತ್ತದೆ.

“ಹೂಂ.”

“ಎಷ್ಟು ಬರೆದ್ರಿ ಕೊನೆಗೆ?”

“ಎಂಟು.”

ಇಸ್ತ್ರಿಯಮ್ಮ ನಲ್ಲಿ ನಿಲ್ಲಿಸಿದಳು. ಹೊದಿಕೆಯ ಒಂದು ತುದಿ ಕಲ್ಲಿನಿಂದ ಜಾರಿ ಮಣ್ಣಿಗೆ ಬೀಳುವುದರಲ್ಲಿತ್ತು.

“ಸುಮ್ನೆ ನೋಡ್ತಾ ನಿಂತಿದ್ದೀರಲ್ಲ, ಆ ತುದಿ ಹಿಡ್ಕೊಳ್ಳಿ.”

ಟೀಚರ್ ಹಿಡಿದಳು. ಒದ್ದೆ ಬಟ್ಟೆ ಅಷ್ಟು ಭಾರವಿರುತ್ತದೆಂದು ಅವಳು ಎಣಿಸಿರಲಿಲ್ಲ. ಇಬ್ಬರೂ ಎದುರು ಬದುರು ಹಿಂದೆ ಸರಿದು ನಿಂತರು.

“ಹಾಗಲ್ಲ. ನಾನು ಹೀಗೆ ತಿರುಗಿಸಿದ್ರೆ ನೀವು ಹಾಗೆ ತಿರುಗಿಸ್ಬೇಕು. ಇಲ್ಲಾಂದ್ರೆ ನೀರು ಬಿಡಲ್ಲ.”

ಅವಳು ಆ ಕಡೆಗೆ ತಿರುಗಿಸಿದಳು. ಹೊದಿಕೆ ಇಬ್ಬರ ನಡುವೆ ಹಗ್ಗದ ಹಾಗೆ ಹುರಿಗೊಂಡು, ಬಿಗಿದು, ನಡುಮಧ್ಯದಿಂದ ನೀರು ಮೊದಲು ಧಾರೆಯಾಗಿ, ಆಮೇಲೆ ಹನಿಹನಿಯಾಗಿ ನೆಲಕ್ಕೆ ಬೀಳತೊಡಗಿತು.