ಹವಳ ನೋಡದ ಅತಿಥಿ

ನೀರಿಗಿಳಿದವರೆಲ್ಲ ಮುಖ ಕೆಳಗೆ ಹಾಕಿಕೊಂಡು ಹವಳ ನೋಡುತ್ತಿದ್ದರೆ, ತೆಳ್ಳಗಿನವನೊಬ್ಬ ಮಾತ್ರ ಬೋಟಿನ ತಳ ನೋಡುತ್ತಿದ್ದ.

ಅವರನ್ನು ನೀರಿಗಿಳಿಸಿದ್ದ ಬಾತುವಿಗೆ ಮೊದಲು ಗಾಬರಿಯಾಯಿತು. ಹೆದರಿದವರು ಬೋಟಿಗೆ ಅಂಟಿಕೊಳ್ಳುವುದೇನೂ ಹೊಸದಲ್ಲ. ದಡದಲ್ಲಿ ಹುಲಿಯಂತೆ ಮಾತಾಡಿದ ಎಷ್ಟೋ ಗಂಡಸರು ನೀರಿನಲ್ಲಿ ಏಣಿ ಬಿಡದೆ ನೇತಾಡಿದ್ದನ್ನು ಅವಳು ಕಂಡಿದ್ದಾಳೆ. ಹತ್ತಿರ ಈಜಿ ಹೋಗಿ ಅವನ ಭುಜ ತಟ್ಟಿ, ಕೆಳಗೆ ಹವಳದ ದಿಬ್ಬದ ಮೇಲೆ ನಿಧಾನವಾಗಿ ಹೋಗುತ್ತಿದ್ದ ಆಮೆಯನ್ನು ತೋರಿಸಿದಳು. ಅವನು ಆಮೆಯನ್ನು ನೋಡಿದ, ತಲೆಯಾಡಿಸಿದ, ಮತ್ತೆ ಬೋಟಿನ ಕಡೆಗೆ ತಿರುಗಿದ. ಬೆರಳ ಗೆಣ್ಣಿನಿಂದ ತಳವನ್ನು ಒಂದೆಡೆ ತಟ್ಟಿದ, ಸ್ವಲ್ಪ ಆಚೆ ಮತ್ತೆ ತಟ್ಟಿದ. ಉಸಿರು ಕಟ್ಟಿ ಮುಳುಗಿ ಹಿಂಬದಿಯ ಚುಕ್ಕಾಣಿ ಹಿಡಿದು ಅಲ್ಲಾಡಿಸಿದ. ಅದು ಹೆದರಿದವನ ಲಕ್ಷಣವಾಗಿರಲಿಲ್ಲ. ದುಡ್ಡು ಕೊಟ್ಟು ಇಷ್ಟು ದೂರ ಬಂದು ಆಮೆ ಬಿಟ್ಟು ಚುಕ್ಕಾಣಿ ನೋಡುವವರೂ ಲೋಕದಲ್ಲಿ ಇರುತ್ತಾರೆ ಎಂದುಕೊಂಡು ಅವಳು ಉಳಿದವರ ಕಡೆ ಹೋದಳು.

ಬಾತು ಎನ್ನುವುದು ಅಣ್ಣ ಇಟ್ಟ ಹೆಸರು. ನಡೆಯುವುದಕ್ಕಿಂತ ಮೊದಲು ಈಜು ಕಲಿತವಳೆಂದು ಚಿಕ್ಕಂದಿನಲ್ಲಿ ಹಾಗೆ ಕರೆದ. ತಲೆಯಲ್ಲಿ ನಾಲ್ಕು ಬಿಳಿ ಕೂದಲು ಕಂಡ ಮೇಲೂ ಅದೇ ಉಳಿಯಿತು. ಅಪ್ಪ ಬಿಟ್ಟುಹೋದ ಬೋಟು. ಅಣ್ಣನದು ಕ್ಯಾಪ್ಟನ್ ಲೈಸೆನ್ಸ್ ಆದ್ದರಿಂದ ಬೋಟೂ ಅವನ ಹೆಸರಿಗಾಯಿತು. ಒಡಹುಟ್ಟಿದವರ ನಡುವೆ ಹೆಸರು ಯಾರದಾದರೇನು ಎಂದು ಅವಳು ಯೋಚಿಸಲೂ ಇಲ್ಲ. ಅಷ್ಟು ವರ್ಷ ಬೋಟು ನಡೆಸಿಯೂ ಅಣ್ಣ ಮೊಣಕಾಲಿಗಿಂತ ಮೇಲೆ ನೀರು ಕಂಡವನಲ್ಲ. "ನೀರಿನ ಮೇಲಿಂದು ನಂದು, ಕೆಳಗಿಂದು ಇವಳ್ದು," ಎಂದು ಪ್ರತಿ ತಂಡದ ಮುಂದೆಯೂ ಹೇಳಿ ನಗಿಸುತ್ತಿದ್ದ. ಒಮ್ಮೆಗೆ ಆರು ಜನರಿಗಿಂತ ಹೆಚ್ಚು ಹತ್ತಿಸುತ್ತಿರಲಿಲ್ಲ. ಬಾತು ಅವರಿಗೆ ಮಾಸ್ಕ್ ಕಟ್ಟಿ, ಉಸಿರಿನ ಕೊಳವೆ ಬಾಯಿಗಿಡಿಸಿ, ಕೈಹಿಡಿದು ಹವಳದ ಮೇಲೆ ಸುತ್ತಾಡಿಸಿ ತರುವಳು. ಒಮ್ಮೆ ಬಂದವರು ಮತ್ತೆ ಬರುತ್ತಿದ್ದುದು ಅವಳ ಹೆಸರು ಹೇಳಿಕೊಂಡು.

ಹೋದ ತಿಂಗಳು ಬಂದರಿನ ಆಚೆ ತುದಿಯ ಡೈವಿಂಗ್ ಶಾಲೆಯವರು ಅವಳನ್ನು ಮುಖ್ಯ ತರಬೇತುದಾರಳಾಗಿ ಬರಲು ಕರೆದಿದ್ದರು. ಅವಳಿಗೆ ಆಸೆಯಾಗಿತ್ತು, ಸುಳ್ಳೇಕೆ, ತುಂಬಾ ಆಸೆಯಾಗಿತ್ತು. ಅಣ್ಣನ ಕಿವಿಗೆ ಹಾಕಿದ ಸಂಜೆಯೇ ಅವನು ಅವಳ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತ. "ನೀನಿಲ್ದಿದ್ರೆ ಈ ಬೋಟು ಬರೀ ಖಾಲಿ ಡಬ್ಬ ಕಣೇ. ಅಪ್ಪ ಇಬ್ರಿಗೂ ಅಂತ ಬಿಟ್ಟುಹೋಗಿದ್ದು," ಎಂದ. ಅವನ ಕಣ್ಣು ತುಂಬಿತ್ತು. ಮರುದಿನವೇ ಅವಳು ಶಾಲೆಗೆ ಬರುವುದಿಲ್ಲವೆಂದು ಹೇಳಿಬಂದಳು. ಆ ಜಾಗಕ್ಕೆ ಬೇರೆ ಯಾರನ್ನೋ ತೆಗೆದುಕೊಂಡರು. ಅವಳಿಗೆ ಬೇಸರವಾದರೂ ಒಳಗೊಳಗೇ ಹೆಮ್ಮೆ. ಅಣ್ಣ ತನಗೋಸ್ಕರ ಕಣ್ಣೀರು ಹಾಕಿದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ತೆಳ್ಳಗಿನವನು ಏಣಿ ಹತ್ತಿ ಬಂದು ಟವೆಲು ಹೊದ್ದು ಕೂತಾಗ ಅವಳು ಕೆಣಕಿದಳು: "ಏನ್ಸಾರ್, ಆಮೆಗೆ ಬೇಜಾರಾಯ್ತು. ನೀವು ಅದ್ರ ಕಡೆ ತಿರುಗೀನೂ ನೋಡ್ಲಿಲ್ಲ."

ಅವನು ನಕ್ಕ. "ತಳ ತುಂಬಾ ಚೆನ್ನಾಗಿಟ್ಟಿದೀರ. ಇಷ್ಟು ಹಳೇ ಬೋಟು ಅನ್ಸೋದೇ ಇಲ್ಲ."

ಇಷ್ಟು ವರ್ಷಗಳಲ್ಲಿ ಅತಿಥಿಗಳು ಕೇಳಿದ್ದು ಎರಡೇ: ಇಲ್ಲಿ ಶಾರ್ಕ್ ಇದೆಯಾ, ಊಟ ಎಷ್ಟು ಹೊತ್ತಿಗೆ. ತಳದ ಬಗ್ಗೆ ಮಾತೆತ್ತಿದವನು ಇವನೇ ಮೊದಲಿಗ. ಬಾತು ಉಬ್ಬಿಹೋದಳು. ಪ್ರತಿ ವರ್ಷ ಬೋಟನ್ನು ದಡಕ್ಕೆಳೆದು ತಳಕ್ಕೆ ಅಂಟಿದ ಚಿಪ್ಪು ತಾನೇ ಕೆರೆಯುವುದು, ಅಣ್ಣ ನೆರಳಲ್ಲಿ ನಿಂತು ಸಲಹೆ ಕೊಡುವುದು, ಎಡಪಕ್ಕಕ್ಕೆ ಒಮ್ಮೆ ಬಂಡೆ ತಗಲಿ ಸೀಳಿದ್ದು, ಅದಕ್ಕೆ ತಾನೇ ತೇಪೆ ಹಾಕಿ ಉಜ್ಜಿದ್ದು, ಎಂಜಿನ್ನಿಗೆ ಯಾವ ಎಣ್ಣೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ, ಎಲ್ಲವನ್ನೂ ಹೇಳಿದಳು. ಅವನು ಒಂದೊಂದಕ್ಕೂ ತಲೆಯಾಡಿಸಿದ. "ತೇಪೆ ಎಲ್ಲಿ ಹಾಕಿದ್ದು, ಸರಿಯಾಗಿ ತೋರಿಸ್ತೀರಾ?" ಎಂದ. ಅವಳು ಬಗ್ಗಿ ತೋರಿಸಿದಳು. ಚುಕ್ಕಾಣಿ ಚಕ್ರದ ಹಿಂದೆ ನಿಂತಿದ್ದ ಅಣ್ಣ ಇವರ ಕಡೆ ಒಮ್ಮೆ ನೋಡಿ ಬೇಗನೆ ಮುಖ ತಿರುಗಿಸಿದ್ದನ್ನು ಅವಳು ಕಂಡಳು, ಆದರೆ ಏನೂ ಅನಿಸಲಿಲ್ಲ.

ಆ ದಿನದ ತಂಡದಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದಿತ್ತು; ಅವರಿಗೆ ಮೀನೂ ಕಾಣುತ್ತಿರಲಿಲ್ಲ, ಬೋಟೂ ಕಾಣುತ್ತಿರಲಿಲ್ಲ. ನಿವೃತ್ತ ಹೆಡ್‌ಮಿಸ್ ಒಬ್ಬರು ತಂಗಿಯ ಜೊತೆ ಬಂದಿದ್ದರು. ತಂಗಿ ನೀರಿಗಿಳಿದಿದ್ದಳು, ಹೆಡ್‌ಮಿಸ್ ಮಾತ್ರ ಲೈಫ್ ಜಾಕೆಟ್ ಹಾಕಿಕೊಂಡು ಕೂತಲ್ಲೇ ಕೂತು, "ನಾನು ಇಲ್ಲಿಂದ್ಲೇ ಮೇಲ್ವಿಚಾರಣೆ ಮಾಡ್ತೀನಿ," ಎಂದಿದ್ದರು. ಇನ್ನಿಬ್ಬರು ತೆಳ್ಳಗಿನವನು ಮತ್ತು ಅವನ ಜೊತೆ ಬಂದ ದಪ್ಪ ಯಜಮಾನರು. ಯಜಮಾನರು ನೀರಿಗಿಳಿದ ಹಾಗೆ ಮಾಡಿ ತಕ್ಷಣ ಹತ್ತಿಬಂದು, ಆಗಿನಿಂದ ಬೋಟಿನೊಳಗೇ ಓಡಾಡುತ್ತಿದ್ದರು.

ಹಣ್ಣು ಕತ್ತರಿಸಿ ತರಲೆಂದು ಬಾತು ಕೆಳಗಿಳಿದಾಗ ಅವರು ಅಡುಗೆ ಕಟ್ಟೆಯ ಬೀರು ತೆರೆದು ಒಳಗೆ ಕೈಯಾಡಿಸುತ್ತಿದ್ದರು.

"ಏನಾದ್ರೂ ಬೇಕಿತ್ತಾ ಸಾರ್?"

"ಇಲ್ಲ ಇಲ್ಲ. ಈ ಅಡುಗೆಮನೆ ತೆಗೆದ್ರೆ ಇನ್ನೊಂದು ಮಲಗೋ ಕೋಣೆ ಆಗುತ್ತೆ, ಅಲ್ವಾ? ನಿಮ್ಗೇ ಚೆನ್ನಾಗಿ ಗೊತ್ತಿರುತ್ತೆ."

ಅವಳು ನಕ್ಕಳು. "ಅಡುಗೆಮನೆ ಯಾಕೆ ತೆಗೀಬೇಕು? ನನ್ ಅಣ್ಣ ಹಸಿವು ತಡ್ಕೊಳ್ಳೋನಲ್ಲ."

"ಕ್ಯಾಪ್ಟನ್ನಿಗೇನು ಬಿಡಿ, ಅವ್ರು ಇನ್ನು ಮನೇಲಿ ಊಟ ಮಾಡ್ತಾರೆ." ಯಜಮಾನರು ಬೀರು ಮುಚ್ಚಿದರು. "ನಮ್ಗೆ ಬೇಕಾಗಿರೋದು ನೀವು. ನಾನು ಮೊದಲ ದಿನವೇ ಹೇಳ್ದೆ, ಆಯಮ್ಮ ಇದ್ರೆ ಮಾತ್ರ ಬೋಟು ತಗೋತೀವಿ, ಇಲ್ಲಾಂದ್ರೆ ಬೇಡ ಅಂತ. ಆಗ ನೀವು ಎಲ್ಲೋ ಶಾಲೆಗೆ ಹೊರಟಿದ್ರಂತಲ್ಲ? ಕ್ಯಾಪ್ಟನ್ನು, ಚಿಂತೆ ಮಾಡ್ಬೇಡಿ, ನಾನು ತಡೀತೀನಿ ಅಂದ್ರು. ಮಾತು ಉಳಿಸ್ಕೊಂಡ್ರು ನೋಡಿ, ದೊಡ್ಡ ಮನುಷ್ಯ."

ಬಾತು ಅವರಿಗೆ ಬೆನ್ನು ತಿರುಗಿಸಿದಳು. ಕೈಯಲ್ಲಿದ್ದ ಕಲ್ಲಂಗಡಿಯನ್ನು ಕಟ್ಟೆಯ ಮೇಲಿಟ್ಟು, ಚಾಕು ತೆಗೆದುಕೊಂಡು, ಒಂದೊಂದೇ ಹೋಳು ಮಾಡಿದಳು. ಹೋಳುಗಳು ಎಂದಿನಂತೆ ಒಂದೇ ಅಳತೆಯಲ್ಲಿ ಬಂದವು. ಅಳುವಿಗಿಂತ ಮೊದಲು ಬಂದದ್ದು ನಾಚಿಕೆ. ತೆಳ್ಳಗಿನವನ ಮುಂದೆ ಬಗ್ಗಿ ಬಗ್ಗಿ ತೇಪೆ ತೋರಿಸಿದ್ದು ನೆನಪಾಗಿ ಕಿವಿಯವರೆಗೂ ಬಿಸಿಯಾಯಿತು. ಮನೆಗೆ ಕನ್ನ ಹಾಕಲು ಬಂದವನಿಗೆ ದೀಪ ಹಿಡಿದ ಹಾಗಾಯಿತಲ್ಲ ಎನಿಸಿತು. ಆದರೆ ಅವನು ಕಳ್ಳನೂ ಅಲ್ಲ. ಬೋಟು ಕೊಳ್ಳುವವನು ತಳ ನೋಡದೆ ಕೊಳ್ಳುತ್ತಾನೆಯೇ? ತಪ್ಪು ಅವನದಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಮೇಲೆ ತಟ್ಟೆ ಇಟ್ಟು ಬರುವಷ್ಟರಲ್ಲಿ ಅಣ್ಣ ಎರಡನೆಯ ಜಾಗಕ್ಕೆ ಬೋಟು ತಂದು ಲಂಗರು ಬಿಟ್ಟಿದ್ದ. ಅವನನ್ನು ಅಲ್ಲೇ ಹಿಡಿದು ಕೇಳಬೇಕೆಂದು ಅವಳು ಹೆಜ್ಜೆ ಹಾಕಿದ್ದಳು. ಅಷ್ಟರಲ್ಲಿ ಹೆಡ್‌ಮಿಸ್ ಎದ್ದು ನಿಂತು, "ನಾನೂ ಇಳೀತೀನಮ್ಮ. ಕೈ ಬಿಡಲ್ಲ ಅಂತ ಮಾತು ಕೊಟ್ರೆ ಮಾತ್ರ," ಎಂದರು.

"ಬಿಡಲ್ಲ ಮಿಸ್," ಎಂದಳು ಬಾತು.

ಹೆಡ್‌ಮಿಸ್ ಅವಳ ಕೈಯನ್ನು ಎಲುಬು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು. ಮೊದಮೊದಲು ಮುಖ ಮುಳುಗಿಸಿದ ತಕ್ಷಣ ಎತ್ತಿ ಕೆಮ್ಮುತ್ತಿದ್ದವರು, ಸ್ವಲ್ಪ ಹೊತ್ತಿನಲ್ಲಿ ಎತ್ತುವುದನ್ನೇ ಮರೆತರು. ಕೆಳಗೆ ಹಳದಿ ಮೀನುಗಳ ಗುಂಪು ಹವಳದ ಸಂದಿಯಿಂದ ಹೊರಬಂದು ಇವರ ನೆರಳು ಬಿದ್ದೊಡನೆ ಒಳಗೆ ಹೋಗುತ್ತಿತ್ತು. ಬಾತು ದಿನವೂ ನೋಡುವ ಮೀನುಗಳು. ಇಂದು ಅವು ಮಸುಕಾದವು. ಕೊಳವೆಯಲ್ಲಿ ಉಸಿರು ಎಳೆಯುತ್ತ ಅಳುವುದು ಎಷ್ಟು ಕಷ್ಟವೆಂದು ಅವಳಿಗೂ ಅಂದೇ ತಿಳಿದದ್ದು. ಮೇಲೆ ಬಂದಾಗ ಹೆಡ್‌ಮಿಸ್ ಅವಳ ಮಾಸ್ಕಿನೊಳಗೆ ನೀರು ಕಂಡು, "ನಿಂದು ಸೋರ್ತಿದೆ ಕಣಮ್ಮ," ಎಂದರು.

"ಹೌದು ಮಿಸ್. ಹಳೇದು."

ವಾಪಸು ಹೊರಟಾಗ ಅತಿಥಿಗಳೆಲ್ಲ ಮುಂದೆ ಹೋಗಿ ಗಾಳಿಗೆ ಕೂತರು. ಬಾತು ಅಣ್ಣನ ಪಕ್ಕ ಬಂದು ನಿಂತಳು.

"ಇವತ್ತು ಬಂದೋರು ಯಾರಣ್ಣ?"

"ಯಾರು ಅಂದ್ರೆ? ಅತಿಥಿಗಳು."

"ಅತಿಥಿಗಳು ಚುಕ್ಕಾಣಿ ಅಲ್ಲಾಡಿಸ್ತಾರಾ? ಬೀರು ತೆಗೀತಾರಾ?"

ಅವನು ಮುಂದೆಯೇ ನೋಡುತ್ತಿದ್ದ. ಮುಂದೆ ನೀರು ಬಿಟ್ಟು ನೋಡುವಂಥದ್ದು ಏನೂ ಇರಲಿಲ್ಲ. "ಹೇಳ್ಬೇಕು ಅಂತಿದ್ದೆ," ಎಂದ.

"ಯಾವಾಗ? ಅವ್ರು ನಂಗೆ ಮೊದಲ್ನೇ ಸಂಬಳ ಕೊಟ್ಟ ಮೇಲಾ?"

"ಮೆಲ್ಲಗೆ ಮಾತಾಡು. ಕೇಳಿಸುತ್ತೆ." ಅವನು ಬಾಯೊರೆಸಿಕೊಂಡ. "ಸಮುದ್ರ ಸಾಕಾಗಿದೆ ಕಣೇ ನಂಗೆ. ಕಣ್ಣು ಬಿಟ್ರೆ ಗಾಳಿ ಯಾವ ಕಡೆ ಅಂತ ನೋಡೋದು, ಮಲಗಿದ್ರೂ ಮಂಚ ಅಲ್ಲಾಡಿದ ಹಾಗೆ. ನಿನ್ ಅತ್ತಿಗೆಯ ಅಣ್ಣ ಒಳನಾಡಲ್ಲಿ ಅಂಗಡಿ ಇಟ್ಟಿದಾನಲ್ಲ, ದುಡ್ಡು ಹಾಕಿ ಜೊತೆಗೆ ಸೇರು ಅಂತಿದಾನೆ. ನಾನೇನು ನಿನ್ನ ಬೀದಿಗೆ ಬಿಟ್ಟಿದೀನಾ? ನಿನ್ ಕೆಲಸ ಗಟ್ಟಿ ಮಾಡ್ಕೊಂಡೇ ಮಾತಾಡಿರೋದು."

"ಸಾಕಾಗಿದೆ ಅಂತ ನನ್ ಹತ್ರ ಹೇಳಿದ್ರೆ ನಾನೇ ಕೊಳ್ಳೋರನ್ನ ಹುಡುಕಿ ತರ್ತಿದ್ದೆ. ನನ್ ಮಂಚದ ಮೇಲೆ ಕೂತು ಕಣ್ಣೀರು ಹಾಕಿದ್ಯಲ್ಲ, ಅದು ಯಾರಿಗೆ?"

ಅಣ್ಣ ಚುಕ್ಕಾಣಿ ಚಕ್ರವನ್ನು ಸ್ವಲ್ಪ ತಿರುಗಿಸಿ, "ಹೇಳಿದ್ರೆ ನೀನು ಆ ಶಾಲೆಗೆ ಹೋಗ್ಬಿಡ್ತಿದ್ದೆ," ಎಂದ.

"ಹೋಗ್ತಿದ್ದೆ."

"ನೀನು ಹೋದ್ರೆ ಇವ್ರು ತಗೋತಿರ್ಲಿಲ್ಲ."

ಅಷ್ಟು ಸರಳವಾಗಿ ಹೇಳಿಬಿಟ್ಟ. ಸುಳ್ಳಾದರೂ ಹೇಳಬಾರದಿತ್ತೇ ಎಂದು ಅವಳಿಗೆ ಅನಿಸಿತು. ಇನ್ನೊಂದು ಸುಳ್ಳಿಗೆ ಅವಳೇನೂ ಬೇಡ ಎನ್ನುತ್ತಿರಲಿಲ್ಲ.

"ಹಸು ಮಾರೋರು ಹಗ್ಗಾನಾದ್ರೂ ಉಳಿಸ್ಕೋತಾರಣ್ಣ. ನೀನು ಅದನ್ನೂ ಸೇರಿಸಿ ಕೊಟ್ಯಲ್ಲ," ಎಂದಳು. ಆಮೇಲೆ ಕೇಳಿದಳು: "ಅತ್ತಿಗೆಗೆ ಗೊತ್ತಾ?"

ಅವನು ಹ್ಞೂಂ ಎಂದ. ಒಂದು ತಿಂಗಳಿಂದ ಅತ್ತಿಗೆ ಅವಳ ಉಪ್ಪುಗಟ್ಟಿದ ಕೂದಲಿಗೆ ತಾನೇ ಕರೆದು ಎಣ್ಣೆ ಹಚ್ಚುತ್ತಿದ್ದಳು. ಇದ್ದಕ್ಕಿದ್ದಂತೆ ಪ್ರೀತಿ ಹೆಚ್ಚಿದಾಗಲೇ ಅನುಮಾನ ಪಡಬೇಕಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸುದ್ದಿ ತನಗೊಬ್ಬಳಿಗೆ ಹೊರಗಿನವನ ಬಾಯಿಂದ ಬಂತು. ಅಣ್ಣ ಬೋಟು ಮಾರಿದ್ದನ್ನು ಅವಳು ಇಂದಲ್ಲ ನಾಳೆ ಕ್ಷಮಿಸಬಲ್ಲಳು. ಆ ಕಣ್ಣೀರನ್ನು ಹೇಗೆ ಕ್ಷಮಿಸುವುದೆಂದು ತಿಳಿಯಲಿಲ್ಲ.

ಬೋಟು ಬಂದರಿನ ಕಟ್ಟೆಗೆ ತಾಗಿತು. ಯಜಮಾನರು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಹಾಗಾದ್ರೆ ಮುಂದಿನ ತಿಂಗಳಿಂದ ನೀವು ನಮ್ಮೋರು," ಎಂದು ಅವಳ ಕಡೆ ನೋಡಿ ನಕ್ಕರು. ಹಗ್ಗ ಬಿಗಿಯುತ್ತಿದ್ದ ಅಣ್ಣನ ಕೈ ನಿಂತಿತು.

"ಬೋಟು ಒಳ್ಳೇದಿದೆ, ಧೈರ್ಯವಾಗಿ ತಗೊಳ್ಳಿ ಸಾರ್," ಎಂದಳು ಬಾತು. "ನಾನು ಬರಲ್ಲ."

"ಕ್ಯಾಪ್ಟನ್ ಹೇಳಿದ್ರಲ್ಲಮ್ಮ..."

"ಅವ್ರು ಹೇಳಿದ್ದು ಅವ್ರ ಬೋಟಿನ ವಿಷಯ. ನನ್ ವಿಷಯ ನನ್ನ ಕೇಳ್ಬೇಕಿತ್ತು."

ಯಜಮಾನರು ತೆಳ್ಳಗಿನವನ ಮುಖ ನೋಡಿದರು. ತೆಳ್ಳಗಿನವನು ತನ್ನ ಪಾದ ನೋಡಿಕೊಂಡ. "ಸರಿ ಕ್ಯಾಪ್ಟನ್, ಫೋನ್ ಮಾಡ್ತೀವಿ," ಎಂದರು ಯಜಮಾನರು. ಫೋನ್ ಮಾಡದವರು ಹೇಳುವ ಧಾಟಿ ಯಾವುದೆಂದು ವ್ಯಾಪಾರ ಮಾಡಿದವರಿಗೆಲ್ಲ ಗೊತ್ತಿರುತ್ತದೆ. ಅಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ. ಗೆದ್ದೆ ಎಂದು ಬಾತುವಿಗೆ ಅನಿಸಲಿಲ್ಲ. ಅವನಿಗೆ ಅಂಗಡಿ ಹೋಯಿತು, ಅವಳಿಗೆ ಶಾಲೆ ಮೊದಲೇ ಹೋಗಿತ್ತು, ಬೋಟು ಇಬ್ಬರ ಕಾಲ ಕೆಳಗೂ ಸುಮ್ಮನೆ ಓಲಾಡುತ್ತಿತ್ತು.

ಅಣ್ಣ ಕಟ್ಟೆಗೆ ಇಳಿದು ನಿಂತು ಎಂದಿನಂತೆ ಒಬ್ಬೊಬ್ಬರಿಗೇ ಕೈ ಕೊಟ್ಟ. ಯಜಮಾನರು ಕೈ ಹಿಡಿಯದೆ ಇಳಿದರು, ತೆಳ್ಳಗಿನವನು ಅವರ ಹಿಂದೆ. ಹೊಸ ಜೋಡಿ ಇಳಿಯಿತು. ಹೆಡ್‌ಮಿಸ್ ತಂಗಿಯನ್ನು ಮುಂದೆ ಬಿಟ್ಟು, ತಾವು ಅವನ ಕೈಗೆ ಭಾರ ಹಾಕಿ ಇಳಿದು, "ಥ್ಯಾಂಕ್ಸ್ ಕ್ಯಾಪ್ಟನ್," ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಾತುವಿನ ಕಡೆ ಕೈ ಬೀಸಿದರು.

ಬಾತು ಅತಿಥಿಗಳ ಮಾಸ್ಕುಗಳನ್ನೆಲ್ಲ ತೊಳೆದು ಪೆಟ್ಟಿಗೆಯಲ್ಲಿಟ್ಟಳು. ತನ್ನದನ್ನು ಮಾತ್ರ ಕೊರಳಿಗೆ ಹಾಕಿಕೊಂಡಳು. ಅವಳು ಹುಡುಗಿಯಾಗಿದ್ದಾಗಿನಿಂದ ಈ ಬೋಟಿನಿಂದ ಹಾರಿಯೇ ಇಳಿದವಳು. ಇಂದು ಅವಳು ಅಂಚಿಗೆ ಬಂದಾಗ ಅಣ್ಣ ಕೈ ಚಾಚಿದ. ರೂಢಿಯಿಂದಲೋ, ಏನು ಮಾಡಬೇಕೆಂದು ತೋಚದೆಯೋ.

"ನೋಡ್ಕೊಂಡು ಇಳಿ," ಎಂದ.

ಅವಳು ಆ ಕೈಯನ್ನು ನೋಡಿದಳು. ಆಮೇಲೆ ಅತಿಥಿಗಳು ಹಿಡಿಯುವ ಹಾಗೆ ಬೆರಳ ತುದಿಯಲ್ಲಿ ಹಿಡಿದು, ನಿಧಾನವಾಗಿ ಕಟ್ಟೆಗೆ ಇಳಿದಳು.

"ಥ್ಯಾಂಕ್ಸ್ ಕ್ಯಾಪ್ಟನ್," ಎಂದಳು.

ಅವಳು ಕಟ್ಟೆಯ ಕೊನೆ ದಾಟಿ ತಿರುವಿನಲ್ಲಿ ಮರೆಯಾದಳು. ಬೋಟಿನಿಂದ ಇಳಿಯಬೇಕಾದವರು ಇನ್ನು ಯಾರೂ ಇರಲಿಲ್ಲ. ಅಣ್ಣನ ಕೈ ಚಾಚಿದ ಹಾಗೆಯೇ ಇತ್ತು.