ತಂತಿ ಕಟ್ಟಿದ ಹಿಡಿ

ಪುಟ್ಟ ವಿಮಾನದ ಬಲಗಡೆ ಎಂಜಿನ್ನಿಗೆ ಪೆಟ್ರೋಲು ಬಿಡುವ ಹಿಡಿ ಸಡಿಲವಾಗಿ, ಹಾರುವಾಗ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ರಿಪೇರಿ ಮಾಡಿಸಬೇಕಾದ ಭಾವ ಅದನ್ನು ತೆರೆದಿದ್ದ ಹಾಗೆಯೇ ತಂತಿ ಸುತ್ತಿ ಬಿಗಿದುಬಿಟ್ಟಿದ್ದ. ವಿಮಾನ ಅವನದು, ಹಾರಿಸುವವಳು ಅವನ ನಾದಿನಿ. ಮೂರು ವಾರದಿಂದ ಪ್ರತಿ ಬೆಳಿಗ್ಗೆ ಅವಳು ಆ ತಂತಿ ನೋಡಿ ಮುಖ ಸಿಂಡರಿಸಿ, ತಪಾಸಣೆ ಪುಸ್ತಕದಲ್ಲಿ ‘ಎಲ್ಲ ಸರಿ’ ಎಂದು ಬರೆದು ಸಹಿ ಹಾಕುತ್ತಿದ್ದಳು. ಹಾರುವುದೊಂದನ್ನು ಬಿಟ್ಟರೆ ಅವಳಿಗೆ ಬೇರೇನೂ ಬೇಕಿರಲಿಲ್ಲ. ಅಕ್ಕನ ಗಂಡನ ಹತ್ತಿರ ಜಗಳವಾಡಿ ಇದನ್ನೂ ಕಳೆದುಕೊಳ್ಳುವುದೇ?

ಆ ದಿನ ಹಿಂದೆ ಕೂತಿದ್ದವರು ಒಬ್ಬರೇ, ಹಲ್ಲಿನ ಡಾಕ್ಟರು. ಮೇಲೇರಿ ಹತ್ತು ನಿಮಿಷವಾಗಿರಲಿಲ್ಲ.

"ಮೇಡಂ, ಬಲಗಡೆ ಬೆಂಕಿ!"

ಮೊದಲು ಪೆಟ್ರೋಲು ಬಂದ್ ಮಾಡಬೇಕು. ಹಿಡಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಅವಳು ಎಂಜಿನ್ ನಿಲ್ಲಿಸಿ, ನಿಂತ ಪ್ರೊಪೆಲ್ಲರು ಗಾಳಿಯನ್ನು ತಡೆಯದಂತೆ ಅದರ ಅಲಗುಗಳ ಅಂಚನ್ನು ಗಾಳಿಗೆ ತಿರುಗಿಸಿದಳು. ಪೆಟ್ರೋಲು ಸೋರುತ್ತಲೇ ಇದ್ದುದರಿಂದ ಬೆಂಕಿ ಆರಲಿಲ್ಲ. ಬಿಚ್ಚಲು ಹೋದರೆ ತಂತಿ ಬೆರಳನ್ನೇ ಸೀಳಿತು. ಅದರ ಜಿಡ್ಡು ಕೈಗೆ ಅಂಟಿ ಹೇಸಿಗೆಯಾಯಿತು.

"ಡಾಕ್ಟ್ರೇ, ಬ್ಯಾಗಲ್ಲಿ ಇಕ್ಕಳ ಇದ್ಯಾ?"

"ಹಲ್ಲು ಕೀಳೋದಿದೆ."

"ಅದೇ ಕೊಡಿ, ಬೇಗ!"

ಇಕ್ಕಳಕ್ಕೆ ಸಿಕ್ಕ ತಂತಿ ಬಿಚ್ಚಿಕೊಂಡಿತು. ಹಿಡಿ ಮುಚ್ಚಿತು, ಬೆಂಕಿ ಸೊರಗಿ ಆರಿತು. ಉಳಿದ ಒಂದೇ ಎಂಜಿನ್ನಿನಲ್ಲಿ ಅವಳು ಜೀವ ಕೈಯಲ್ಲಿ ಹಿಡಿದುಕೊಂಡು ಹಿಂದಿರುಗಿ ಇಳಿಸಿದಳು.

ಭಾವ ಓಡಿ ಬಂದ. ಮೊದಲು ನೋಡಿದ್ದು ಸುಟ್ಟ ರೆಕ್ಕೆಯನ್ನು. ಅವಳ ಕೈಯ ರಕ್ತ ಅವನ ಕಣ್ಣಿಗೆ ಬೀಳಲೇ ಇಲ್ಲ.

"ಬೆಂಕಿ ಅಂತ ಬರೀಬೇಡಮ್ಮ, ಸ್ವಲ್ಪ ಹೊಗೆ ಬಂತು ಅಂತ ಬರಿ. ಆ ತಂತಿ ಕೊಡಿಲ್ಲಿ, ಬಿಸಾಕ್ತೀನಿ."

ಥೂ, ಇಂಥವನ ಮನೆಯಲ್ಲಿ ಕೂತು ಉಂಡೆನಲ್ಲ ಎಂದುಕೊಂಡಳು. ಮುಖಕ್ಕೆ ಉಗಿಯಬೇಕೆಂದಿದ್ದವಳು ಪುಸ್ತಕ ತೆರೆದು ಹಿಂದಿನ ಪುಟಗಳನ್ನು ತಿರುವಿದಳು. ಪುಟ ಪುಟದಲ್ಲೂ ‘ಎಲ್ಲ ಸರಿ’, ಕೆಳಗೆ ಅವಳದೇ ದುಂಡನೆಯ ಸಹಿ. ಅವನು ಕಟ್ಟಿದ್ದ, ಇವಳು ಸರಿ ಅಂದಿದ್ದಳು. ಉಗಿಯುವುದಾದರೆ ಯಾರ ಮುಖಕ್ಕೆ?

ಅವಳು ಬರೆದಳು: ‘ಬಲ ಎಂಜಿನ್ನಿಗೆ ಬೆಂಕಿ. ಹಿಡಿಗೆ ತಂತಿ ಕಟ್ಟಿತ್ತು. ಮೂರು ವಾರದಿಂದ ನನಗೆ ಗೊತ್ತಿತ್ತು.’

"ಹುಚ್ಚು ಹಿಡಿದಿದ್ಯಾ ನಿಂಗೆ?" ಭಾವ ಕಿರುಚಿದ. "ನಿನ್ನ ಲೈಸೆನ್ಸೂ ಹೋಗುತ್ತೆ! ಇನ್ನು ಜನ್ಮದಲ್ಲಿ ಹಾರೋಕಾಗಲ್ಲ!"

"ಗೊತ್ತು ಭಾವ."

ಅವಳು ಸಹಿ ಹಾಕಿ, ತಂತಿಯನ್ನು ಅದೇ ಪುಟದಲ್ಲಿಟ್ಟು ಪುಸ್ತಕ ಮುಚ್ಚಿದಳು.